ಸತ್ಯಾಂಶ: ಗುಬ್ಬಿ ಕಂಪನಿ ಹುಟ್ಟುಹಾಕಿದ್ದು ವೀರಣ್ಣನವರಲ್ಲ

‘1884ರಲ್ಲಿ ಗುಬ್ಬಿ ವೀರಣ್ಣನವರು ನಾಟಕ ಕಂಪನಿ ಸ್ಥಾಪಿಸಿದರು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತದೆ. ಇಸವಿ ಸರಿ, ಹೆಸರು ತಪ್ಪು. ಆ ವರ್ಷ ವೀರಣ್ಣನವರು ಇನ್ನೂ ಹುಟ್ಟಿಯೇ ಇರಲಿಲ್ಲ!

ಗುಬ್ಬಿ ಕಂಪನಿ ಎಂದೇ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಕಟ್ಟಿದ್ದು ತುಮಕೂರು ಸೀಮೆಯ ಗುಬ್ಬಿಯ ಕಲಾಸಕ್ತರು. ಊರದೇವರ ಹೆಸರನ್ನೇ ಅದಕ್ಕಿಟ್ಟರು. ವೀರಣ್ಣನವರು ಬಾಲನಟರಾಗಿ ಸೇರಿ, 1917ರಲ್ಲಿ ಮಾಲೀಕರಾದರು.

ಗೊಂದಲ ಸಹಜವೇ. ಕಂಪನಿಗೆ ದೊಡ್ಡ ಹೆಸರು ತಂದವರು ಅವರು. ‘ಸದಾರಮೆ’ ನಾಟಕದ ಕಳ್ಳನಾಗಿ ಜನರನ್ನು ನಗಿಸಿದರು, ‘ಕುರುಕ್ಷೇತ್ರ’ಕ್ಕಾಗಿ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಈ ಆನೆಯ ಮಾತನ್ನು ಕಟ್ಟುಕತೆ ಎನ್ನುವವರೂ ಇದ್ದಾರೆ. ಅದು ಮಾತ್ರ ನಿಜ.