ಸೋತವನಿಗೂ ಒಂದು ಕಾಗದ

ಮೊನ್ನೆ ನಮ್ಮ ಕಂಪನಿ ಒಂದು ಟೆಂಡರ್ ಸೋತಿತು. ಅದೇನು ದೊಡ್ಡ ಸುದ್ದಿಯಲ್ಲ. ಗೆಲ್ಲುವುದಕ್ಕಿಂತ ಸೋಲುವುದೇ ನಮಗೆ ಜಾಸ್ತಿ. ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಯಾವುದೋ ಕಾರಣಕ್ಕೆ ಶಾಲೆಗೆ ಹೋಗಲಾಗದ ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುವ ಸಣ್ಣ ಕಂಪನಿ ನಮ್ಮದು. ಪಾಠ ಹೇಳುವವರು ಬೇರೆ ಇದ್ದಾರೆ. ಇಲ್ಲಿಯ ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತದವರು, ಕರೆಯುವ ಟೆಂಡರಿಗೆ ಕೂತು ಬರೆಯುವುದು ನನ್ನ ಕೆಲಸ.

ಸೋತ ಸುದ್ದಿಯ ಜೊತೆಗೇ ಒಂದು ಕಾಗದ ಬಂತು. ಪ್ರತಿ ಪ್ರಶ್ನೆಗೂ ನಮಗೆ ಎಷ್ಟು ಅಂಕ, ಗೆದ್ದವರಿಗೆ ಎಷ್ಟು, ಯಾಕೆ ಅಷ್ಟು ಅಂತ ಬಿಡಿಸಿ ಬರೆದಿದ್ದರು. ಮಕ್ಕಳ ಸುರಕ್ಷತೆಯ ಪ್ರಶ್ನೆಗೆ ಐದಕ್ಕೆ ಐದು. ಶಿಕ್ಷಕರ ತರಬೇತಿಯ ಪ್ರಶ್ನೆಗೆ ಐದಕ್ಕೆ ಮೂರು. ‘ತರಬೇತಿ ಕೊಡುತ್ತೇವೆ ಎಂದಿದ್ದೀರಿ. ಯಾರು ಕೊಡುತ್ತಾರೆ, ಯಾವ ತಿಂಗಳಲ್ಲಿ ಎಂದು ಹೇಳಿಲ್ಲ. ಗೆದ್ದವರು ತಿಂಗಳವಾರು ಪಟ್ಟಿ ಕೊಟ್ಟಿದ್ದಾರೆ’ ಎಂದು ಪಕ್ಕದಲ್ಲೇ ಕಾರಣ. ಓದಿದರೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನ್ಯಾಯವಾದ ಮಾತು ಅನಿಸಿತು. ನಮ್ಮ ಬಾಸ್ ಆ ಕಾಗದವನ್ನು ಪ್ರಿಂಟ್ ತೆಗೆದು ಮುಂದಿನ ಟೆಂಡರಿನ ಫೈಲಿಗೆ ಸೇರಿಸಿದ.

ಅದೇ ವಾರ ಬಳ್ಳಾರಿಯಿಂದ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ. ಕೌಲ್ ಬಜಾರ್ ಕಡೆ ಅವನದೊಂದು ಹೊಲಿಗೆ ಘಟಕ ಇದೆ. ಬಳ್ಳಾರಿಯಲ್ಲಿ ಹೊಲಿಗೆ ಅಂದಮೇಲೆ ಜೀನ್ಸೇ. ಜೀನ್ಸ್ ಮಾರ್ಕೆಟ್ ಡಲ್ ಇದ್ದಾಗ ಮಿಷಿನ್‌ಗಳು ಸುಮ್ನೆ ನಿಲ್ಲಬಾರದು ಅಂತ, ಸರ್ಕಾರಿ ವಸತಿ ಶಾಲೆ ಮಕ್ಕಳ ಟ್ರ್ಯಾಕ್ ಸೂಟ್ ಟೆಂಡರಿಗೆ ಹಾಕಿದ್ದ.

‘ಅಣ್ಣಾ, ಟೆಕ್ನಿಕಲ್‌ನಲ್ಲೇ ಹೊಡೆದು ಹಾಕಿದ್ರು’ ಅಂದ.

‘ಯಾಕಂತೆ?’

‘ಯಾಕಂತ ಯಾರು ಹೇಳ್ತಾರಣ್ಣ? ಪೋರ್ಟಲ್‌ನಲ್ಲಿ ರಿಜೆಕ್ಟೆಡ್ ಅಂತ ಐತೆ. ಅಷ್ಟೇ.’

ಟೆಂಡರಿಗೆ ಹಾಕಿದವರಿಗೆ ಈ ಹಾಡು ಹೊಸದಲ್ಲ. ಎರಡು ಕವರ್ ಪದ್ಧತಿ. ಮೊದಲನೆಯದು ಟೆಕ್ನಿಕಲ್ ಕವರ್, ಅದರಲ್ಲಿ ನೀವು ಯಾರು, ನಿಮಗೆ ಯೋಗ್ಯತೆ ಇದೆಯೇ ಅನ್ನುವ ಕಾಗದ. ಜಿಎಸ್‌ಟಿ, ಹಿಂದಿನ ವರ್ಷಗಳ ವಹಿವಾಟಿಗೆ ಸಿಎ ಕೊಟ್ಟ ಸರ್ಟಿಫಿಕೇಟ್, ಇಂಥದೇ ಮಾಲು ಹಿಂದೆ ಎಲ್ಲಿ ಕೊಟ್ಟಿದ್ದೀರಿ ಅನ್ನುವ ಅನುಭವ ಪತ್ರ, ಇಎಂಡಿ ಅನ್ನುವ ಠೇವಣಿ ಕಟ್ಟಿದ್ದು. ಇದರಲ್ಲಿ ಪಾಸಾದರೆ ಮಾತ್ರ ಎರಡನೆಯ ಕವರ್ ತೆರೆಯುತ್ತದೆ. ಅದರಲ್ಲಿರುವುದು ನಿಮ್ಮ ದರ. ಯಾರದು ಕಡಿಮೆಯೋ ಅವರು ಎಲ್ ಒನ್. ತಮ್ಮನ ದರದ ಕವರ್ ತೆರೆಯಲೇ ಇಲ್ಲ. ಹೊಲಿಗೆ ಕೂಲಿ, ಬಟ್ಟೆ, ಜಿಪ್ಪು, ಸಾಗಾಣಿಕೆ ಎಲ್ಲ ಪೈಸೆ ಲೆಕ್ಕದಲ್ಲಿ ಹಾಕಿದ್ದನಂತೆ. ಅವನಿಗೆ ಹೊಟ್ಟೆ ಉರಿದದ್ದು ಅದಕ್ಕೇ.

ಆಮೇಲೆ ಶುರುವಾಯಿತು ಓಡಾಟ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಕೂತು ಬೆಂಗಳೂರಿಗೆ ಹೋದ. ಸೆಕ್ಷನ್‌ನವರು ಸಾಹೇಬರನ್ನು ಕೇಳಿ ಅಂದರು. ಸಾಹೇಬರು ಮೀಟಿಂಗ್‌ನಲ್ಲಿದ್ದರು. ಸಂಜೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಒಬ್ಬ ಗುಮಾಸ್ತರು ಕನಿಕರಪಟ್ಟು ಹೇಳಿದರು: ‘ನಿಮ್ಮ ಸಿಎ ಸರ್ಟಿಫಿಕೇಟ್‌ನಲ್ಲಿ ಯುಡಿಐಎನ್ ನಂಬರ್ ಇಲ್ಲ ಕಣ್ರೀ.’ 2019ರಿಂದ ಸಿಎಗಳು ಕೊಡುವ ಇಂಥ ಸರ್ಟಿಫಿಕೇಟಿಗೆ ಹದಿನೆಂಟು ಅಂಕಿಯ ಆ ನಂಬರ್ ಕಡ್ಡಾಯ. ನಮ್ಮ ತಮ್ಮ ಊರಿಗೆ ವಾಪಸ್ ಬಂದು ಮೂಲ ಪ್ರತಿ ತೆಗೆದು ನೋಡಿದ. ನಂಬರ್ ಇತ್ತು. ಸಹಿ ಕೆಳಗೆ, ಪುಟದ ಅಂಚಿನಲ್ಲಿ. ಸೈಬರ್ ಅಂಗಡಿಯ ಹುಡುಗ ಸ್ಕ್ಯಾನ್ ಮಾಡುವಾಗ ಕೆಳಗಿನ ಒಂದು ಬೆರಳಗಲ ಕಟ್ ಆಗಿತ್ತು.

ಇಡೀ ಸೋಲಿಗೆ ಕಾರಣ ಇಷ್ಟೇ. ಈ ಒಂದು ಸಾಲನ್ನು ಪೋರ್ಟಲ್‌ನಲ್ಲಿ ಬರೆದಿದ್ದರೆ ರೈಲು ಚಾರ್ಜು, ಊಟ, ನಿದ್ದೆ, ಎರಡು ದಿನದ ಕೆಲಸ ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವನ ಮನಸ್ಸಿನಲ್ಲಿ ಒಂದು ಕಥೆ ಹುಟ್ಟುತ್ತಿರಲಿಲ್ಲ.

ನನಗೆ ಹೇಳಬೇಕಿರುವುದು ಆ ಕಥೆಯ ಬಗ್ಗೆಯೇ. ಕಾರಣ ಹೇಳದ ಕಡೆ ಜನ ತಾವೇ ಕಾರಣ ಕಟ್ಟಿಕೊಳ್ಳುತ್ತಾರೆ. ಗುಮಾಸ್ತರು ಬಾಯಿ ಬಿಡುವ ಮೊದಲೇ ತಮ್ಮನಿಗೆ ‘ಉತ್ತರ’ ಗೊತ್ತಿತ್ತು. ಯಾರಿಗೋ ಮೊದಲೇ ಫಿಕ್ಸ್ ಆಗಿತ್ತು, ಇವನ್ಯಾಕೆ ಮಧ್ಯೆ ಅಂತ ತೆಗೆದರು. ಅವನ ಗೆಳೆಯರೂ ಅದನ್ನೇ ಹೇಳಿದರು, ನಮ್ಮ ಚಿಕ್ಕಪ್ಪನೂ ಅದನ್ನೇ ಹೇಳಿದ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ನಿನ ಆರೋಪ ಮಾಡಿದ ಮೇಲಂತೂ ಪ್ರತಿ ಸೋಲಿಗೂ ಆ ಒಂದೇ ವಿವರಣೆ ಸಾಕಾಗಿದೆ. ಫಿಕ್ಸ್ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಸ್ಕ್ಯಾನ್ ಕಟ್ ಆಗಿ ಸೋತವನೂ ಫಿಕ್ಸ್‌ಗೇ ಸೋತೆ ಅಂದುಕೊಂಡರೆ, ಮುಂದಿನ ಸಲ ಅವನು ಸ್ಕ್ಯಾನರ್ ಸರಿಮಾಡಿಸುವುದಿಲ್ಲ, ಪರಿಚಯದವರನ್ನು ಹುಡುಕುತ್ತಾನೆ. ಅಲ್ವಾ?

ಇಲ್ಲಿ ಇಂಗ್ಲೆಂಡಿನಲ್ಲಿ ಹಾಗಾಗದಂತೆ ಕಾಯ್ದೆಯೇ ತಡೆಯುತ್ತದೆ. 2025ರ ಫೆಬ್ರವರಿ 24ರಿಂದ ಜಾರಿಗೆ ಬಂದ ಹೊಸ ಖರೀದಿ ಕಾಯ್ದೆಯ ಪ್ರಕಾರ, ದೊಡ್ಡ ಮೊತ್ತದ ಗುತ್ತಿಗೆಗಳಲ್ಲಿ ಸ್ಪರ್ಧಿಸಿದ ಪ್ರತಿಯೊಬ್ಬರಿಗೂ ಮೌಲ್ಯಮಾಪನದ ಸಾರಾಂಶ ಕೊಡಬೇಕು. ಹಿಂದೆಯೂ ಕಾಗದ ಬರುತ್ತಿತ್ತು, ಈಗ ಇನ್ನಷ್ಟು ವಿವರವಾಗಿದೆ. ಸಾಮಾನ್ಯವಾಗಿ ಎಂಟು ಕೆಲಸದ ದಿನ ಒಪ್ಪಂದಕ್ಕೆ ಸಹಿ ಹಾಕದೆ ಕಾಯುತ್ತಾರೆ. ಸೋತವರು ಓದಿಕೊಳ್ಳಲಿ, ತಕರಾರಿದ್ದರೆ ಎತ್ತಲಿ ಅಂತ. ಟೆಂಡರ್ ಕರೆದಾಗಲೂ ಅಷ್ಟೇ. ಯಾರಾದರೂ ಒಂದು ಪ್ರಶ್ನೆ ಕೇಳಿದರೆ, ಕೇಳಿದವರ ಹೆಸರು ತೆಗೆದು ಪ್ರಶ್ನೆ, ಉತ್ತರ ಎರಡನ್ನೂ ಎಲ್ಲರಿಗೂ ಕಳಿಸುತ್ತಾರೆ.

ನಮ್ಮ ಕರ್ನಾಟಕದಲ್ಲಿ ಕಾಯ್ದೆ ಇಲ್ಲವೇ? ಇದೆ, ಅದೂ ಇಲ್ಲಿಯ ಈ ಹೊಸ ಕಾಯ್ದೆಗಿಂತ ಹಳೆಯದು. ಕೆಟಿಪಿಪಿ ಅಂತ ಎಲ್ಲರೂ ಕರೆಯುವ ಪಾರದರ್ಶಕತೆ ಕಾಯ್ದೆ ಬಂದದ್ದು 1999ರಲ್ಲಿ. ತಕರಾರಿದ್ದರೆ 16ನೇ ಕಲಂ ಅಡಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಟೆಂಡರ್ ಹಾಕುವ ಮೊದಲು ಅನುಮಾನ ಕೇಳಲು ಪ್ರೀ-ಬಿಡ್ ಸಭೆಯೂ ಇರುತ್ತದೆ. ಆದರೆ ಕಾರಣವೇ ಗೊತ್ತಿಲ್ಲದವನು ಮೇಲ್ಮನವಿಯಲ್ಲಿ ಏನಂತ ಬರೆಯಬೇಕು? ಟೆಂಡರ್ ಪರಿಶೀಲನಾ ಸಮಿತಿಯ ನಡಾವಳಿಯಲ್ಲಿ ಕಾರಣ ಬರೆದಿರುತ್ತಾರೆ, ಮಾಹಿತಿ ಹಕ್ಕಿನಲ್ಲಿ ಕೇಳು ಅಂದೆ. ‘ಅದಕ್ಕೆ ಒಂದು ತಿಂಗಳು ಅಣ್ಣಾ. ಅಷ್ಟೊತ್ತಿಗೆ ಮಕ್ಕಳು ಟ್ರ್ಯಾಕ್ ಸೂಟ್ ಹಾಕ್ಕೊಂಡು ಓಡ್ತಿರ್ತಾರೆ’ ಅಂದ. ಇನ್ನು ಪ್ರೀ-ಬಿಡ್ ಸಭೆ ನಡೆಯುವುದು ಬೆಂಗಳೂರಿನಲ್ಲಿ. ಮಾರ್ಚ್ ಹತ್ತಿರ ಬಂದರೆ ಎಲ್ಲವೂ ಅಲ್ಪಾವಧಿ ಟೆಂಡರ್. ಬಳ್ಳಾರಿಯ ದರ್ಜಿ ಡಿಎಸ್‌ಸಿ ಅನ್ನುವ ಡಿಜಿಟಲ್ ಸಹಿ ನವೀಕರಿಸಿ, ಸಿಎ ಹತ್ತಿರ ಸಹಿ ಹಾಕಿಸಿ ತರುವಷ್ಟರಲ್ಲಿ ಕೊನೆಯ ದಿನ ಬಂದಿರುತ್ತದೆ.

ತಮಾಷೆ ನೋಡಿ. ಅದೇ ಕರ್ನಾಟಕದಲ್ಲಿ ಪಿಯುಸಿ ಹುಡುಗ ಫೇಲಾದರೆ ದುಡ್ಡು ಕಟ್ಟಿ ತನ್ನ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು. ಯಾವ ಪ್ರಶ್ನೆಗೆ ಎಷ್ಟು ಅಂಕ ಅಂತ ಕಣ್ಣಾರೆ ನೋಡಬಹುದು. ಲಕ್ಷಾಂತರ ಮಕ್ಕಳಿಗೆ ಮಾಡುವ ಏರ್ಪಾಡನ್ನು ನಾಲ್ಕೈದು ಜನ ಬಿಡ್‌ದಾರರಿಗೆ ಮಾಡುವುದು ಅಷ್ಟು ಕಷ್ಟವೇ?

ನಮ್ಮ ಭಾಗದ ಮಟ್ಟಿಗೆ ಈ ಮಾತು ಇನ್ನೂ ಮುಖ್ಯ. ಹಿಂದುಳಿದ ಈ ಭಾಗಕ್ಕೆಂದು ಸಂವಿಧಾನದಲ್ಲಿ 371(ಜೆ) ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್‌ಗಳಲ್ಲಿ ಕೇಳುತ್ತಿದ್ದೇವೆ. ಅದರಲ್ಲಿ ಶಾಲೆಯ ಕೋಣೆಗಳಿಗೆ, ಡೆಸ್ಕ್‌ಗಳಿಗೆ, ಸ್ಮಾರ್ಟ್ ಕ್ಲಾಸ್‌ಗಳಿಗೆ ಹೋಗುವ ದುಡ್ಡು ಸಣ್ಣದಲ್ಲ. 371(ಜೆ) ನೌಕರಿಗೆ ಮೀಸಲಾತಿ ಕೊಟ್ಟಿತು, ಕಾಲೇಜು ಸೀಟಿಗೆ ಕೊಟ್ಟಿತು. ಟೆಂಡರಿಗೆ ಕೊಟ್ಟಿಲ್ಲ. ಕೊಡಬೇಕು ಅಂತಲೂ ನಾನು ವಾದಿಸುವುದಿಲ್ಲ. ಆದರೆ ರಾಯಚೂರಿನ ಡೆಸ್ಕ್ ಮಾಡುವವನು, ಕೊಪ್ಪಳದ ಪ್ರಿಂಟಿಂಗ್ ಪ್ರೆಸ್ಸಿನವನು ಒಂದು ಸಲ ಸೋತು, ಯಾಕೆ ಸೋತೆ ಅಂತ ತಿಳಿದು, ಎರಡನೇ ಸಲ ಸರಿಯಾಗಿ ಹಾಕುವ ದಾರಿಯಾದರೂ ಇರಬೇಕು. ಈಗ ಆಗುತ್ತಿರುವುದೇನೆಂದರೆ, ಒಂದು ಸಲ ಸೋತವರು ಕೈ ತೊಳೆದುಕೊಂಡು ದೊಡ್ಡ ಸಪ್ಲೈಯರ್ ಕೆಳಗೆ ಉಪಗುತ್ತಿಗೆ ಹಿಡಿಯುತ್ತಾರೆ. ಹೊಲಿಗೆ ಬಳ್ಳಾರಿಯದೇ, ಬಿಲ್ಲು ಬೇರೆ ಊರಿನದು.

ಇಷ್ಟು ಹೇಳಿದ ಮೇಲೆ ಇಲ್ಲಿಯದನ್ನೂ ಹೇಳಬೇಕು. ಮನಸ್ಸಿಲ್ಲ, ಆದರೂ ಹೇಳುತ್ತೇನೆ.

ಇಲ್ಲಿ ಟೆಂಡರ್ ಅಂದರೆ ಪ್ರಬಂಧ ಸ್ಪರ್ಧೆ. ಒಂದೊಂದು ಪ್ರಶ್ನೆಗೆ ಸಾವಿರ ಪದ ಬರೆಯಬೇಕು. ನಿಮ್ಮಿಂದ ಊರಿಗೇನು ಲಾಭ ಅಂತಲೂ ಕೇಳುತ್ತಾರೆ. ಇಲ್ಲಿಯ ಕೇಂದ್ರ ಸರ್ಕಾರದ ಟೆಂಡರುಗಳಲ್ಲಿ 2021ರಿಂದ ಅದಕ್ಕೇ ಕನಿಷ್ಠ ನೂರಕ್ಕೆ ಹತ್ತು ಅಂಕ. ಚೆನ್ನಾಗಿ ಪಾಠ ಹೇಳುವವರಿಗಿಂತ ಚೆನ್ನಾಗಿ ಬರೆಯುವವರು ಗೆದ್ದದ್ದನ್ನು ನಾನು ನೋಡಿದ್ದೇನೆ. ಅದರಿಂದಲೇ ನನಗೆ ಸಂಬಳ, ಜಾಸ್ತಿ ಮಾತಾಡಬಾರದು. ನಮ್ಮ ತಮ್ಮನಂಥವನು ಇಲ್ಲಿದ್ದರೆ ಒಂದು ಪ್ರಬಂಧವನ್ನೂ ಮುಗಿಸುತ್ತಿರಲಿಲ್ಲ. ಅಲ್ಲಿ ಕಾಗದ ಸರಿಯಿದ್ದು ದರ ಕಡಿಮೆಯಿದ್ದರೆ ಅವನು ಗೆಲ್ಲಬಹುದು, ಭಾಷೆ ಚೆನ್ನಾಗಿರಬೇಕಿಲ್ಲ.

ದರದ ಕವರ್ ತೆರೆದ ಮೇಲೆ ನಮ್ಮ ಪೋರ್ಟಲ್‌ನಲ್ಲಿ ಯಾರು ಎಷ್ಟು ಹಾಕಿದ್ದಾರೆ ಅಂತ ಸ್ಪರ್ಧೆಯಲ್ಲಿದ್ದವರಿಗೆ ಕಾಣುತ್ತದೆ. ಇಲ್ಲಿ ಪಕ್ಕದವನು ಎಷ್ಟು ದರ ಹಾಕಿದ್ದ ಅನ್ನುವುದು ವ್ಯಾಪಾರ ಗುಟ್ಟು. ಆ ವಿಷಯದಲ್ಲಿ ಬಳ್ಳಾರಿಯೇ ಮುಂದೆ.

ಕಾಗದ ಚೆನ್ನಾಗಿ ಬರೆದ ಮಾತ್ರಕ್ಕೆ ಆಯ್ಕೆ ಚೆನ್ನಾಗಿರಬೇಕು ಅಂತಲೂ ಇಲ್ಲ. ಕೊರೊನಾದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಟ್ಯೂಷನ್ ಕೊಡಿಸುವ ದೊಡ್ಡ ರಾಷ್ಟ್ರೀಯ ಯೋಜನೆ ನಡೆಸುವ ಗುತ್ತಿಗೆಯನ್ನು 2021ರಲ್ಲಿ ಇಲ್ಲಿಯ ಶಿಕ್ಷಣ ಇಲಾಖೆ ಸುಮಾರು 25 ಮಿಲಿಯನ್ ಪೌಂಡಿಗೆ ಒಂದು ಖಾಸಗಿ ಕಂಪನಿಗೆ ಕೊಟ್ಟಿತು. ಇಷ್ಟು ಕಡಿಮೆಗೆ ಆಗುತ್ತದಾ ಅಂತ ನಮ್ಮ ಕಸುಬಿನವರು ಆಗಲೇ ಗೊಣಗಿದ್ದರು. ಮರುವರ್ಷ ಆ ವ್ಯವಸ್ಥೆಯನ್ನು ನಿಲ್ಲಿಸಿ ದುಡ್ಡನ್ನು ನೇರ ಶಾಲೆಗಳಿಗೇ ಕೊಟ್ಟರು. ಎಲ್ ಒನ್ ಕಾಯಿಲೆ ಇಲ್ಲಿಯೂ ಇದೆ. 2020ರಲ್ಲಿ ಪಿಪಿಇ ಕಿಟ್ ಖರೀದಿಗೆ ಪರಿಚಯದವರಿಗೆಂದು ವಿಐಪಿ ಸಾಲು ಮಾಡಿದ್ದು ಕಾನೂನುಬಾಹಿರ ಅಂತ ಇಲ್ಲಿಯ ಹೈಕೋರ್ಟೇ 2022ರಲ್ಲಿ ಹೇಳಿತು. ಆದರೆ ದುಡ್ಡಿನ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಇಲ್ಲಿ ಬಿಲ್ಲು ಕೊಟ್ಟು 30 ದಿನದಲ್ಲಿ ದುಡ್ಡು ಬರಬೇಕು ಅನ್ನುವುದು ನಿಯಮ, ನಮಗೆ ಬರುತ್ತದೆ ಕೂಡ. ಊರಲ್ಲಿ ಈ ಮಾತು ಹೇಳಿದರೆ ನಗುತ್ತಾರೆ.

ಕೊನೆಗೆ ಒಂದನ್ನು ಒಪ್ಪಲೇಬೇಕು. ಹೋದ ಸಲ ಊರಿಗೆ ಹೋದಾಗ ಕುರುಗೋಡು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಶೂ ಖರೀದಿ ನಡೆದಿತ್ತು. ಶೂ, ಸಾಕ್ಸಿನ ದುಡ್ಡನ್ನು ಸರ್ಕಾರ ಶಾಲೆಗೇ ಕೊಡುತ್ತದೆ. ಐದನೇ ತರಗತಿವರೆಗೆ 265 ರೂಪಾಯಿ, ಎಂಟರವರೆಗೆ 295, ಹತ್ತರವರೆಗೆ 325. ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರೇ ಆರಿಸಬೇಕು. ಅಂಗಡಿಯವರು ಮಾದರಿ ಜೊತೆಗಳನ್ನು ತಂದು ಶಾಲೆಯ ಕಟ್ಟೆ ಮೇಲೆ ಸಾಲಾಗಿ ಇಟ್ಟಿದ್ದರು. ಎಸ್‌ಡಿಎಂಸಿ ಅಧ್ಯಕ್ಷರು ಒಂದನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅಟ್ಟೆಯನ್ನು ಮಡಚಿದರು. ಹೊಲಿಗೆ ಬಾಯಿಬಿಟ್ಟಿತು. ‘ಏನಪ್ಪಾ ಇದು, ನಮ್ಮ ಹುಡುಗ್ರು ಇದನ್ನ ಹಾಕ್ಕೊಂಡು ಶ್ರಾವಣದ ಮಳೆಗೆ ಹೋದ್ರೆ ಬರಿಗಾಲಲ್ಲಿ ಮನೆಗೆ ಬರ್ತಾರೆ’ ಅಂದರು. ಇನ್ನೊಬ್ಬರು ಸಾಕ್ಸ್ ಎಳೆದು ನೋಡಿ, ‘ಇಲಾಸ್ಟಿಕ್ ಸಡಿಲ ಐತೆ’ ಅಂದರು. ಹೆಡ್ ಮಾಸ್ತರು ಒಬ್ಬ ಹುಡುಗನನ್ನು ಕರೆದು ಮೂರನೆಯ ಜೊತೆ ಹಾಕಿಸಿ ಓಡಿಸಿದರು. ಸೋತ ಅಂಗಡಿಯವನು ಅಲ್ಲೇ ಚಹಾ ಕುಡಿದು, ಮುಂದಿನ ವರ್ಷ ಬೇರೆ ಕಂಪನಿಯದು ತರ್ತೀನಿ ಅಂತ ಹೇಳಿ ಹೋದ.

ನಮ್ಮ ಕೌನ್ಸಿಲ್‌ನವರು ಅಂಕ ಹಾಕಿ ಹೇಳುವುದನ್ನು ಆ ಕಟ್ಟೆ ಮೇಲೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ಅಲ್ಲಿ ಆಗುವುದು ಪೋರ್ಟಲ್‌ನಲ್ಲಿ ಯಾಕಾಗುವುದಿಲ್ಲ ಅಂತ ಈಚೆಗೆ ತಮ್ಮನನ್ನು ಕೇಳಿದೆ.

‘ಕಟ್ಟೆ ಮೇಲೆ ಸೋತೋನು ಕೋರ್ಟಿಗೆ ಹೋಗಲ್ಲಣ್ಣ. ಪೋರ್ಟಲ್‌ನಲ್ಲಿ ಕಾರಣ ಬರೆದ್ರೆ ನಾಳೆ ಅದೇ ಕಾಗದ ಹಿಡ್ಕೊಂಡು ಸ್ಟೇ ತರ್ತಾರೆ. ಯಾವ ಸಾಹೇಬ್ರು ಬರೀತಾರೆ ಹೇಳು’ ಅಂದ.

ಇಲ್ಲಿ ಕಾಯ್ದೆ ಮಾಡಿದವರು ಕಾರಣ ಬರೆಯಿರಿ ಅಂದದ್ದೂ ಅದಕ್ಕೇ, ಸೋತವನು ಬೇಕಾದರೆ ಕೋರ್ಟಿಗೆ ಹೋಗಲಿ ಅಂತ. ಇದನ್ನು ಅವನಿಗೆ ಹೇಳಿದೆ. ಅವನು ಒಪ್ಪಲಿಲ್ಲ. ಮುಂದಿನ ಟೆಂಡರಿಗೆ ಹಾಕುವುದಂತೂ ಖಾತ್ರಿಯಂತೆ, ಹೊಸ ಸ್ಕ್ಯಾನರ್ ತಗೊಂಡಿದ್ದಾನೆ.