ಕತ್ತರಿಯ ವೇಗ ಹೆಚ್ಚಾಗಿಲ್ಲ

ಟಿವಿ, ಫೋನು ಅಗ್ಗವಾದರೂ ಕ್ಷೌರದ ದರ ಏರುತ್ತಿರುವುದಕ್ಕೆ ಅಂಗಡಿಯವರ ದುರಾಸೆಯೇ ಕಾರಣ ಎಂದು ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಇದನ್ನು ಒಪ್ಪುವುದು ಕಷ್ಟ. ಟಿವಿ, ಫೋನು ಅಗ್ಗವಾದವು ನಿಜ. ಯಂತ್ರಗಳು ಬಂದ ಮೇಲೆ ಅಲ್ಲಿ ಒಬ್ಬ ಕೆಲಸಗಾರ ಮೊದಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಮಾಲು ತಯಾರಿಸುತ್ತಾನೆ. ಕೂದಲು ಕತ್ತರಿಸಲು ಮಾತ್ರ ಇವತ್ತಿಗೂ ಒಂದು ತಲೆಯ ಹಿಂದೆ ಒಬ್ಬರು ನಿಂತೇ ಇರಬೇಕು. ಟ್ರಿಮ್ಮರ್‌ನಿಂದ ಒಂದಷ್ಟು ನಿಮಿಷ ಉಳಿಯುತ್ತದೆ, ಅಷ್ಟೇ. ಬೇರೆ ಕಡೆ ಸಂಬಳ ಏರಿ ಇಲ್ಲಿ ಏರದಿದ್ದರೆ ಈ ಕೆಲಸದಲ್ಲಿ ಯಾರು ಉಳಿಯುತ್ತಾರೆ? ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ 1960ರ ದಶಕದಲ್ಲೇ ಸಂಗೀತಗಾರರ ಉದಾಹರಣೆ ಕೊಟ್ಟು ಇದನ್ನು ವಿವರಿಸಿದ್ದರು. ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇಂದಿಗೂ ನಾಲ್ವರೇ ಬೇಕು, ಅಲ್ವಾ?

ಮತ್ತೆ, ನಾವು ಕೊಡುವ ದುಡ್ಡೆಲ್ಲ ಕತ್ತರಿ ಹಿಡಿದವರ ಜೇಬಿಗೆ ಹೋಗುವುದಿಲ್ಲ. ಬಾಡಿಗೆ, ಕರೆಂಟು, ಪ್ರತಿ ಗಿರಾಕಿಗೂ ಹೊಸ ಬ್ಲೇಡು. ಕುರ್ಚಿ ಖಾಲಿ ಬಿದ್ದಿರುವ ಹೊತ್ತಿನ ಬಾಡಿಗೆಯೂ ಬಂದ ಗಿರಾಕಿಗಳಿಂದಲೇ ಹುಟ್ಟಬೇಕು. ಹಾಂ, ಕೇಳದೇ ತಲೆ ಮಸಾಜು ಮಾಡಿ ಸುಮ್ನೆ ಬಿಲ್ಲಿಗೆ ಸೇರಿಸುವವರನ್ನು ಲೇಖಕರು ಬೈದಿದ್ದರೆ ನಾನೂ ದನಿಗೂಡಿಸುತ್ತಿದ್ದೆ.