ಮಳೆಗೆ ಹೆದರುವ ಕೊಡೆ

ನಮ್ಮೂರಲ್ಲಿ ಡಿಶ್ ಆಂಟೆನಾಕ್ಕೆ ಕೊಡೆ ಅನ್ನುತ್ತಾರೆ. ಹೆಸರಿಟ್ಟವರು ಯಾರೋ ಕುಹಕಿಗಳೇ ಇರಬೇಕು. ಮಳೆ ಬಂದ ಕೂಡಲೇ ಕೈಕೊಡುವ ಕೊಡೆ ಲೋಕದಲ್ಲಿ ಇದೊಂದೇ.

ತೀರ್ಥಹಳ್ಳಿ ಸೀಮೆ ನಮ್ಮದು. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಆಗುಂಬೆ ಇರುವುದು ಇದೇ ತಾಲ್ಲೂಕಿನಲ್ಲಿ. ಇಂಥ ಕಡೆ ಕೊಡೆ ಮಾರುವವನು ಮಳೆಯ ಸುದ್ದಿ ಎತ್ತಬೇಕಲ್ವಾ? ಎತ್ತಲಿಲ್ಲ. ಹಾಕಿಸಿದ್ದು ಮಾರ್ಚ್‌ನಲ್ಲಿ. ಅಂಗಳದ ಮೂಲೆಯಲ್ಲಿ ಕಂಬ ನೆಟ್ಟು, ಎರಡಡಿ ಅಗಲದ ಕೊಡೆ ಕೂರಿಸಿ, ಹೋದ. ಚಿತ್ರ ಕನ್ನಡಿ ಹಾಗಿತ್ತು. ಹೀರೋಯಿನ್ನಿನ ಮೂಗುತಿಯ ಹರಳು ಎಣಿಸಬಹುದಿತ್ತು.

ಜೂನ್ ಎರಡನೇ ವಾರ. ಸೀರಿಯಲ್ಲಿನಲ್ಲಿ ಮದುವೆ. ಹುಡುಗ ತಾಳಿ ಎತ್ತಿದ, ಗಟ್ಟಿಮೇಳ ಅಂದರು, ಹೊರಗೆ ಗುಡುಗು. ಪರದೆ ಕಪ್ಪು. ‘ಸಿಗ್ನಲ್ ಲಭ್ಯವಿಲ್ಲ.’

ಅಪ್ಪಯ್ಯ ನಿಜವಾದ ಕೊಡೆ ಬಿಚ್ಚಿಕೊಂಡು ಅಂಗಳಕ್ಕೆ ಹೋಗಿ, ಅದನ್ನು ಆ ಕೊಡೆಯ ಮೇಲೆ ಹಿಡಿದು ನಿಂತರು. ಒಳಗಿಂದ ಅಮ್ಮ, ‘ಬರಲಿಲ್ಲ, ಇನ್ನೂ ಸ್ವಲ್ಪ ಈಚೆ ಹಿಡೀರಿ.’ ಕೊಡೆಗೆ ಕೊಡೆ ಹಿಡಿದು ತೊಪ್ಪೆಯಾಗಿ ಒಳಗೆ ಬಂದ ಅಪ್ಪಯ್ಯನಿಗೆ ನಾನು ವಿಜ್ಞಾನ ಹೇಳಲು ಹೋದೆ. ಈ ಚಾನೆಲ್‌ಗಳೆಲ್ಲ ಕೆಯು ಬ್ಯಾಂಡ್ ಅನ್ನುವ ಅಲೆಯಲ್ಲಿ ಬರುತ್ತವೆ. ಆ ಅಲೆ ಎರಡೂವರೆ ಸೆಂಟಿಮೀಟರ್ ಉದ್ದದ್ದು. ದಪ್ಪ ಹನಿಗಳು ಅದನ್ನು ಕುಡಿದುಬಿಡುತ್ತವೆ, ಚೆದುರಿಸುತ್ತವೆ. ಉಪಗ್ರಹದಿಂದ ಸುಮಾರು 36,000 ಕಿ.ಮೀ. ದಾರಿ ಸಲೀಸು. ತೊಂದರೆ ಮೋಡದ ಕೆಳಗಿನ ಕೊನೆಯ ನಾಲ್ಕೈದು ಕಿ.ಮೀ.ನಲ್ಲಿ. ಅಪ್ಪಯ್ಯನಿಗೆ ತಕ್ಷಣ ಅರ್ಥವಾಯಿತು. ‘ಹಂಗಂದ್ರೆ ನಮ್ಮೂರ ಬಸ್ಸಿದ್ದಂಗೆ. ಬೆಂಗಳೂರಿಂದ ಬರ್ತದೆ, ನಮ್ಮ ಕ್ರಾಸಿನ ಕೆಸರಲ್ಲಿ ಹೂತುಕೊಳ್ತದೆ.’

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಕನ್ನಡಕ್ಕೆ ಯಾವುದೋ ನಂಬರ್ ಒತ್ತಿದೆ. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದಿತು. ಅಮೂಲ್ಯವಾದದ್ದನ್ನು ಯಾರೂ ಬೇಗ ಖರ್ಚು ಮಾಡುವುದಿಲ್ಲವಲ್ಲ, 22 ನಿಮಿಷ ಜೋಪಾನವಾಗಿ ಇಟ್ಟುಕೊಂಡರು. ಆಮೇಲೆ ಒಬ್ಬ ಹುಡುಗ ಸಿಕ್ಕಿದ.

‘ಸರ್, ಟಿವಿಯಲ್ಲಿ ಏನು ಬರ್ತಿದೆ?’

‘ಏನೂ ಬರ್ತಿಲ್ಲ.’

‘ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಸರ್.’

ಮಾಡಿದೆ. ಕಾರ್ಡ್ ತೆಗೆದು ಬಟ್ಟೆಯಲ್ಲಿ ಒರೆಸಿ ಹಾಕಿ ಅಂದ. ಒರೆಸಿದೆ. ರಿಫ್ರೆಶ್ ಸಿಗ್ನಲ್ ಕಳಿಸಿದ್ದೀನಿ, ಅರ್ಧ ಗಂಟೆ ಟಿವಿ ಆನ್ ಇಟ್ಟಿರಿ ಅಂದ. ಅದು ಎಲ್ಲಿಂದ ಬರಬೇಕು? ಅದೇ ಉಪಗ್ರಹದಿಂದ, ಅದೇ ಮಳೆಯಲ್ಲಿ.

‘ನಿಮ್ಮ ಕಡೆ ಮಳೆ ಇದೆಯಾ ಸರ್?’

‘ಇದೆ.’

‘ಹಾಗಾದ್ರೆ ಮಳೆ ನಿಂತ ಮೇಲೆ ಬರುತ್ತೆ ಸರ್.’

‘ನಮ್ಮಲ್ಲಿ ಅದು ನಿಲ್ಲೋದು ಅಕ್ಟೋಬರ್‌ಗೆ. ಅಲ್ಲೀತನಕ ಹೋದ ದಿನಗಳನ್ನ ಪ್ಯಾಕ್‌ಗೆ ಸೇರಿಸಿ ಕೊಡ್ತೀರಾ?’

‘ಸರ್, ನಿಮ್ಮ ಪ್ಯಾಕ್ ನಾಳೆ ಮುಗೀತಿದೆ. ಈಗಲೇ ರೀಚಾರ್ಜ್ ಮಾಡ್ತೀರಾ?’

ಇದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. ಸೀರಿಯಲ್ಲು ಬರುವುದಿಲ್ಲ, ವಾರ್ತೆ ಬರುವುದಿಲ್ಲ, ಚಂದನವೂ ಬರುವುದಿಲ್ಲ. ಆದರೆ ಪ್ಯಾಕ್ ಮುಗಿದ ಮರುಕ್ಷಣ ಎಲ್ಲವನ್ನೂ ಬಂದ್ ಮಾಡುವ ಆಜ್ಞೆ ಮಾತ್ರ ಎಂಥ ಆರಿದ್ರಾ ಮಳೆಯನ್ನೂ ಸೀಳಿಕೊಂಡು ಬರುತ್ತದೆ.

ದುಡ್ಡಿನ ಲೆಕ್ಕ ಕೇಳಬೇಡಿ, ತಲೆ ತಿರುಗುತ್ತದೆ. 2019ರ ಫೆಬ್ರವರಿ 1ರಿಂದ ಫೋನ್, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ ಹೊಸ ನಿಯಮ ತಂದಿತು. ನೋಡುವ ಚಾನೆಲ್‌ಗಷ್ಟೇ ದುಡ್ಡು ಕೊಡಿ ಅಂದರು. ಬಹಳ ಖುಷಿಯಾಯಿತು. ಆಮೇಲೆ ನೋಡಿದರೆ, ಪುಕ್ಕಟೆ ಚಾನೆಲ್ ನೋಡಲಿಕ್ಕೇ 130 ರೂಪಾಯಿ ನೆಟ್‌ವರ್ಕ್ ಶುಲ್ಕ. ಅದಕ್ಕೆ ಶೇ. 18 ಜಿಎಸ್‌ಟಿ. ಒಟ್ಟು 153 ರೂಪಾಯಿ 40 ಪೈಸೆ. ಆ 40 ಪೈಸೆ ನನಗೆ ತುಂಬ ಇಷ್ಟ. ಬಹಳ ಪ್ರಾಮಾಣಿಕವಾಗಿ ಲೆಕ್ಕ ಹಾಕಿದ್ದಾರೆ ಅನ್ನಿಸುತ್ತದೆ. ಗುಚ್ಛಕ್ಕೆ, ಅಂದರೆ ಹಲವು ಚಾನೆಲ್ ಒಟ್ಟಿಗೆ ಕಟ್ಟಿ ಮಾರುವ ಕಟ್ಟಿಗೆ, ಸೇರುವ ಚಾನೆಲ್ಲಿಗೆ 19 ರೂಪಾಯಿ ಮಿತಿ ಹಾಕಿದರೆ, ದೊಡ್ಡ ಚಾನೆಲ್‌ಗಳೆಲ್ಲ ಮಾತಾಡಿಕೊಂಡವರಂತೆ ಸರಿಯಾಗಿ 19ಕ್ಕೇ ಬಂದು ನಿಂತವು. 2020ರಲ್ಲಿ ಮಿತಿಯನ್ನು 12ಕ್ಕೆ ಇಳಿಸಲು ಹೊರಟರು. ಕೋರ್ಟು, ಕಚೇರಿ ಎಲ್ಲ ಆಗಿ 2022ರ ನವೆಂಬರ್‌ನಲ್ಲಿ ಮತ್ತೆ 19ಕ್ಕೇ ಬಂತು. 2024ರಲ್ಲಿ ನೆಟ್‌ವರ್ಕ್ ಶುಲ್ಕಕ್ಕಿದ್ದ ಆ 130ರ ಮಿತಿಯನ್ನೂ ತೆಗೆದರು. ನೋಡಿದ್ದಕ್ಕಷ್ಟೇ ದುಡ್ಡು ಅನ್ನುವ ಮಾತು ನಿಜವಾಗಿದ್ದರೆ, ಜುಲೈ ತಿಂಗಳಿಗೆ ಕಂಪನಿಯೇ ನಮಗೆ ಬಾಕಿ ಕೊಡಬೇಕು.

ಸರಿ, ದೂರು ದಾಖಲಾಯಿತು. ಹತ್ತು ಅಂಕಿಯ ನಂಬರ್ ಬಂತು. ಸಂಜೆಗೆ ಇನ್ನೊಂದು ಮೆಸೇಜ್: ‘ನಿಮ್ಮ ದೂರನ್ನು ಯಶಸ್ವಿಯಾಗಿ ಬಗೆಹರಿಸಲಾಗಿದೆ.’ ಟಿವಿ ನೋಡಿದೆ. ಕಪ್ಪಗೇ ಇತ್ತು. ಆಗ ತಿಳಿಯಿತು, ಅವರು ಬಗೆಹರಿಸುವುದು ದೂರನ್ನು. ಟಿವಿ ಸರಿಮಾಡ್ತೀವಿ ಅಂತ ಯಾವತ್ತು ಹೇಳಿದ್ದರು?

ಮತ್ತೆ ದೂರು, ಮತ್ತೆ ಬಗೆಹರಿಕೆ. ಹಾಸನದ ನಿಯಂತ್ರಣ ಕೇಂದ್ರದಲ್ಲಿ ಕೂತು ಇಸ್ರೋದವರು 36,000 ಕಿ.ಮೀ. ದೂರದ ಉಪಗ್ರಹವನ್ನು ಅತ್ತಿತ್ತ ಅಲ್ಲಾಡದಂತೆ ನಿಲ್ಲಿಸುತ್ತಾರೆ. ಈ ಕಂಪನಿಗೆ ಪೇಟೆಯಿಂದ 14 ಕಿ.ಮೀ. ದೂರದ ನಮ್ಮನೆಗೆ ಒಬ್ಬ ಹುಡುಗನನ್ನು ಕಳಿಸಲು ಒಂಬತ್ತು ದಿನ ಬೇಕಾಯಿತು.

ಬಂದ ದಿನ ನೋಡಿ, ಅಪರೂಪಕ್ಕೆ ಬಿಸಿಲು. ಟಿವಿ ಝಗಮಗ.

‘ಸರಿಯಾಗೇ ಇದೆಯಲ್ಲ ಸಾರ್’ ಅಂದ. ಹಾಗಂತ ಬರಿಗೈಲಿ ಹೋಗುವವನಲ್ಲ. ಕಂಬ ಹತ್ತಿ, ಕೊಡೆಯ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಡಬ್ಬಿಯ ಪಕ್ಕದ ಕಡಜದ ಗೂಡು ಕೆಡವಿ, ಕೊಡೆಯ ಪಾಚಿ ಒರೆಸಿದ. ಕಡಜ ಕಚ್ಚಿ ಅವನ ಹುಬ್ಬು ಊದಿತು. ಅಮ್ಮ ಸುಣ್ಣ ಹಚ್ಚಿ ಕಷಾಯ ಕೊಟ್ಟಳು. ಒಳ್ಳೇ ಹುಡುಗ, ಕೊಪ್ಪದ ಕಡೆಯವನು. ಓಟಿಪಿ ಕೇಳಿ ಬರೆದುಕೊಂಡು, ‘ಐದು ಸ್ಟಾರ್ ಕೊಡಿ ಸಾರ್, ನಾಲ್ಕಾದ್ರೆ ನಂಗೆ ಬೈತಾರೆ’ ಅಂದ.

‘ಮಳೆ ಬಂದಾಗ ನಿಮ್ಮನೇಲಿ ಟಿವಿ ಬರ್ತದಾ?’ ಅಂದೆ.

ಅವನು ಕಷಾಯದ ಲೋಟದೊಳಗೆ ಇಣುಕಿ ನೋಡಿದ. ‘ನಮ್ಮನೇಲಿ ಮಳೆಗಾಲಕ್ಕೆ ಟಿವೀನೇ ಹಚ್ಚಲ್ಲ ಸಾರ್.’

ಐದು ಸ್ಟಾರ್ ಕೊಟ್ಟೆ. ಅವನ ಬೈಕು ಗೇಟು ದಾಟುವ ಹೊತ್ತಿಗೆ ಹನಿ ಶುರುವಾಯಿತು.

ರಾತ್ರಿ ಎಂಟಕ್ಕೆ ಕಂಪನಿಯ ಫೋನ್. ಒಬ್ಬಳು ಹುಡುಗಿ. ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ ಅಂತ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಫೋನ್ ಕಿತ್ತುಕೊಂಡಳು.

‘ಮಗಾ, ನೀನು ಇರೋ ಕಡೆ ಮಳೆ ಉಂಟಾ?’

‘ಇಲ್ಲ ಮೇಡಂ, ಇಲ್ಲಿ ಸೆಕೆ.’

‘ಟಿವಿ ಬರ್ತದಾ?’

‘ಬರುತ್ತೆ ಮೇಡಂ.’

‘ಹಾಗಾರೆ ಆ ಏಳೂವರೆ ಸೀರಿಯಲ್ಲು ನೋಡ್ತೀಯಾ? ಮದುವೆ ಆಯ್ತಾ ಆ ಹುಡುಗಿದು?’

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ದನಿ ತಗ್ಗಿತು. ‘ಇಲ್ಲ ಆಂಟಿ. ಇನ್ನೂ ತಾಳಿ ಕೈಯಲ್ಲೇ ಹಿಡ್ಕೊಂಡು ನಿಂತಿದ್ದಾನೆ.’

‘ಅಯ್ಯೋ ಮಾರಾಯ್ತಿ, ಎರಡು ವಾರ ಆಯ್ತಲ್ಲೇ!’

‘ಹಳೇ ಹೆಂಡತಿ ಬಂದ್ಲು ಆಂಟಿ. ಸೋಮವಾರ ಗೊತ್ತಾಗುತ್ತೆ.’

ಅಮ್ಮ ಹತ್ತಕ್ಕೆ ಹತ್ತು ಕೊಟ್ಟು, ಸೋಮವಾರ ಮರೆಯದೆ ಫೋನ್ ಮಾಡಲು ಹೇಳಿದಳು.